ಗುಬ್ಬಿ ಬಸ್ಸಿನ ನಿದ್ದೆಗಳು

ಚಿತ್ರಕಲೆಯ ಕೋರ್ಸು ಮುಗಿಸಿದ ಹೊಸದರಲ್ಲಿ ನಾನು ಮತ್ತೆ ಮತ್ತೆ ಬರೆಯುತ್ತಿದ್ದದ್ದು ಒಂದೇ ಚಿತ್ರ. ಕಿಟಕಿಯ ಪಕ್ಕ ಕೂತು ದೂರಕ್ಕೆ ನೋಡುತ್ತಿರುವ ಉದ್ದ ಕತ್ತಿನ ಹೆಂಗಸು. ಹಿನ್ನೆಲೆಯೆಲ್ಲ ನೀಲಿ. ಒಮ್ಮೆ ಕಿಟಕಿಯಾಚೆ ಚಂದ್ರ ಇರುತ್ತಿದ್ದ, ಒಮ್ಮೆ ಒಣಗಿದ ಮರ, ಒಮ್ಮೆ ಖಾಲಿ ಪಂಜರ. ಹೆಂಗಸು ಮಾತ್ರ ಅವಳೇ. ಅವಳ ಎರಡು ಕೈಗಳೂ ಯಾವಾಗಲೂ ಸೆರಗಿನ ಒಳಗೆ. ನೋಡಿದವರು ಅದರಲ್ಲಿ ಏನೋ ದೊಡ್ಡ ಅರ್ಥ ಕಾಣಲಿ ಎಂದು ನನ್ನ ಆಸೆ. ನಿಜವೇನೆಂದರೆ ನನಗೆ ಕೈ ಬರೆಯಲು ಬರುತ್ತಿರಲಿಲ್ಲ. ಬೆರಳುಗಳು ನುಗ್ಗೇಕಾಯಿಯ ಹಾಗೆ ಆಗುತ್ತಿದ್ದವು.

ತುಮಕೂರಿನಲ್ಲಿ ನಾವೊಂದಷ್ಟು ಜನ ಸೇರಿ ಬಾಡಿಗೆ ಹಾಲ್ ಹಿಡಿದು ಪ್ರದರ್ಶನ ಮಾಡಿದೆವು. ನೋಡಲು ಬಂದವರು ನಮ್ಮ ನಮ್ಮ ಮನೆಯವರೇ. ನನ್ನ ಅಕ್ಕ ಕುಣಿಗಲ್‌ನಿಂದ ಬಂದಿದ್ದಳು. ಅವಳು ಅಲ್ಲಿ ಬ್ಯೂಟಿ ಪಾರ್ಲರ್ ನಡೆಸುತ್ತಾಳೆ. ಯಾರ ಮುಖವನ್ನೂ ಕೆಲಸದ ಕಣ್ಣಿನಿಂದಲೇ ನೋಡುವುದು ಅವಳ ಅಭ್ಯಾಸ. ಸಾಲಾಗಿ ನೇತು ಹಾಕಿದ್ದ ನನ್ನ ನೀಲಿ ಹೆಂಗಸರ ಮುಂದೆ ಬಹಳ ಹೊತ್ತು ನಿಂತಿದ್ದಳು. ನಾನು ಪಕ್ಕಕ್ಕೆ ಹೋಗಿ ನಿಂತೆ.

"ಇವ್ಳಿಗೆ ಏನಾಗಿದೆ ಕಣೇ?" ಎಂದಳು. "ಥೈರಾಯ್ಡ್ ಟೆಸ್ಟ್ ಮಾಡ್ಸವ್ರಾ?"

ಆಗ ಎಷ್ಟು ಸಿಟ್ಟು ಬಂತೆಂದರೆ ಅವಳು ತಂದಿದ್ದ ಮೈಸೂರ್‌ಪಾಕನ್ನು ನಾನು ಮುಟ್ಟಲಿಲ್ಲ. ಫೋನಿನಲ್ಲಿ ನನ್ನದೊಂದು ಪೇಜ್ ಇತ್ತು. ಅಲ್ಲಿ ಈ ಚಿತ್ರಗಳ ಕೆಳಗೆ ಇಂಗ್ಲಿಷಿನಲ್ಲಿ ಮೌನ, ಶೂನ್ಯ ಎಂದೆಲ್ಲ ಬರೆದು ಹಾಕುತ್ತಿದ್ದೆ. ಜೊತೆಯಲ್ಲಿ ಓದಿದವರು ಲೈಕ್ ಒತ್ತುತ್ತಿದ್ದರು, ನಾನು ಅವರದ್ದಕ್ಕೆ ಒತ್ತುತ್ತಿದ್ದೆ. ನಮ್ಮ ನಮ್ಮಲ್ಲೇ ಮದುವೆ ಮುಯ್ಯಿ ಕೊಟ್ಟು ತಗೊಳ್ಳುವ ಹಾಗೆ.

ಅಷ್ಟರಲ್ಲಿ ಗುಬ್ಬಿಯ ಒಂದು ಖಾಸಗಿ ಶಾಲೆಯಲ್ಲಿ ಡ್ರಾಯಿಂಗ್ ಮಿಸ್ ಕೆಲಸ ಸಿಕ್ಕಿತು. ನಮ್ಮ ಮನೆ ಕ್ಯಾತ್ಸಂದ್ರದಲ್ಲಿ. ಬೆಳಿಗ್ಗೆ ಸಿಟಿ ಬಸ್ಸಿನಲ್ಲಿ ತುಮಕೂರಿಗೆ ಬಂದು, ಅಲ್ಲಿಂದ ಗುಬ್ಬಿಯ ಪ್ರೈವೇಟ್ ಬಸ್ ಹತ್ತಬೇಕು. ಆ ಬಸ್ಸಿನಲ್ಲಿ ಒಂದು ವಿಶೇಷವಿತ್ತು. ಊರು ದಾಟುವ ಹೊತ್ತಿಗೆ ಅರ್ಧ ಬಸ್ಸು ಮಲಗಿರುತ್ತಿತ್ತು. ಬೆಳಗಿನ ಜಾವವೇ ಎದ್ದು, ಅಡುಗೆ ಮಾಡಿ, ಡಬ್ಬಿ ಕಟ್ಟಿ ಬಂದವರು. ಕಿಟಕಿಯ ಗಾಳಿ ಮುಖಕ್ಕೆ ಬೀಸಿದ್ದೇ ತಡ, ಒಬ್ಬೊಬ್ಬರದೇ ತಲೆ ವಾಲುತ್ತಿತ್ತು.

ಕಾಲೇಜಿನಲ್ಲಿ ಮಾಡೆಲ್ ಕೂರಿಸಿ ಬರೆಸುತ್ತಿದ್ದಾಗ ಅವರು ಕೆರೆದುಕೊಳ್ಳುತ್ತಿದ್ದರು, ಫೋನ್ ನೋಡುತ್ತಿದ್ದರು. ಇಲ್ಲಿ ಒಂದು ಬಸ್ಸು ತುಂಬ ಜನ ಅಲ್ಲಾಡದೆ ಕೂತಿದ್ದಾರೆ. ನಾನು ಸಣ್ಣದೊಂದು ಪುಸ್ತಕ ಮತ್ತು ಬಾಲ್‌ಪೆನ್ ತೆಗೆದೆ. ಬಾಲ್‌ಪೆನ್ ಯಾಕೆಂದರೆ ಬಸ್ಸಿನ ಕುಲುಕಾಟದಲ್ಲಿ ಪೆನ್ಸಿಲ್ ಮೊನೆ ಮುರಿಯುತ್ತದೆ, ರಬ್ಬರ್ ಸೀಟಿನ ಕೆಳಗೆ ಉರುಳಿ ಹೋಗುತ್ತದೆ. ಈಗ ಚಿತ್ರ ಕಲಿಯಲು ಬರುವ ಹೊಸಬರಿಗೆ ನಾನು ಹೇಳುವ ಮೊದಲ ಮಾತೂ ಅದೇ. ಅಳಿಸಲು ಆಗದ್ದರಲ್ಲಿ ಬರೆಯಿರಿ. ತಪ್ಪಿದ ಗೆರೆ ಅಲ್ಲೇ ಇರಲಿ, ಪಕ್ಕದಲ್ಲೇ ಸರಿಯಾದ ಗೆರೆ ಎಳೆಯಿರಿ. ಅಳಿಸುತ್ತಾ ಕೂತರೆ ಗುಬ್ಬಿ ಬಂದುಬಿಡುತ್ತದೆ.

ಮೊದಲ ವಾರದ ಚಿತ್ರಗಳು ಕೆಟ್ಟದಾಗಿಯೇ ಬಂದವು. ಆದರೆ ಒಂದೂ ನೀಲಿ ಹೆಂಗಸಿನ ಹಾಗಿರಲಿಲ್ಲ. ಕೊಬ್ಬರಿ ವ್ಯಾಪಾರಿ ಒಬ್ಬರು ಕೈಕಟ್ಟಿಕೊಂಡು, ಹುಬ್ಬು ಗಂಟಿಕ್ಕಿಕೊಂಡು, ಯಾರಿಗೋ ಬೈಯುತ್ತಿರುವಂತೆ ಮಲಗುತ್ತಿದ್ದರು. ಕಾಲೇಜು ಹುಡುಗಿಯರಿಬ್ಬರು ಒಬ್ಬರ ತಲೆಯ ಮೇಲೆ ಒಬ್ಬರು ತಲೆಯಿಟ್ಟು ಒಂದೇ ಇಯರ್‌ಫೋನಿನಲ್ಲಿ ಹಾಡು ಕೇಳುತ್ತಾ ನಿದ್ದೆ ಹೋಗುತ್ತಿದ್ದರು. ಅವರನ್ನು ಬರೆಯುವಾಗ ನನಗೆ ಒಳಗೊಳಗೇ ನಗು ಉಕ್ಕುತ್ತಿತ್ತು. ಚಿತ್ರ ಬರೆಯುವುದು ಇಷ್ಟು ಖುಷಿಯ ಕೆಲಸ ಎಂಬುದು ಕೋರ್ಸಿನ ಅಷ್ಟೂ ವರ್ಷ ನನಗೆ ಮರೆತೇ ಹೋಗಿತ್ತು.

ಡ್ರೈವರ್ ಹಿಂದಿನ ಸೀಟು ಒಬ್ಬ ಹೆಡ್‌ಮಿಸ್ಟ್ರೆಸ್ಸರದು. ಗುಬ್ಬಿಯ ಹತ್ತಿರದ ಸರ್ಕಾರಿ ಶಾಲೆಯವರು. ಬಸ್ಸಿನಲ್ಲಿ ಎಲ್ಲರಿಗೂ ಅವರು ದೊಡ್ಡ ಮೇಡಂ. ಇಸ್ತ್ರಿ ಮಾಡಿದ ಕಾಟನ್ ಸೀರೆ, ಎದೆಗೆ ಅವುಚಿಕೊಂಡ ಬ್ಯಾಗು. ಅವರು ಹತ್ತಿದರೆ ಕಂಡಕ್ಟರ್ ಕೂಡ ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದ. ಇಂಥವರು ಬಸ್ಸು ಹೊರಟ ಸ್ವಲ್ಪ ಹೊತ್ತಿಗೆ ತಲೆ ಹಿಂದಕ್ಕೆ ಚೆಲ್ಲಿ, ಬಾಯಿ ಪೂರ್ತಿ ತೆರೆದು, ಕನ್ನಡಕ ಮೂಗಿನ ತುದಿಗೆ ಜಾರಿಸಿಕೊಂಡು ಮಲಗಿರುತ್ತಿದ್ದರು. ನಾನು ಅವರನ್ನು ಬಿಡುವುದುಂಟೇ. ಒಂದು ಬೆಳಿಗ್ಗೆ ಅವರ ಎದುರಿನ ಅಡ್ಡ ಸೀಟಿನಲ್ಲಿ ಜಾಗ ಸಿಕ್ಕಿತು. ಮೈಮರೆತು ಬರೆಯುತ್ತಿದ್ದೆ. ಬಾಯಿಯ ಒಳಗಿನ ಕತ್ತಲೆಗೆ ಗೆರೆ ತುಂಬುತ್ತಿದ್ದಾಗ ತಲೆಯೆತ್ತಿ ನೋಡಿದರೆ ಅವರ ಕಣ್ಣು ನನ್ನ ಮೇಲಿತ್ತು.

"ಕೊಡಮ್ಮ ಇಲ್ಲಿ," ಎಂದರು.

ಕೊಟ್ಟೆ. ಕನ್ನಡಕ ಮೇಲಕ್ಕೆ ತಳ್ಳಿ ನೋಡಿದರು. ಹಿಂದಿನ ಹಾಳೆ ತಿರುವಿದರು, ಅಲ್ಲೂ ಅವರೇ. ಅದರ ಹಿಂದಿನದರಲ್ಲೂ ಅವರೇ. ಕಂಡಕ್ಟರ್ ಟಿಕೆಟ್ ಮಿಷನ್ ಹಿಡಿದು ಅಲ್ಲೇ ನಿಂತುಬಿಟ್ಟಿದ್ದ.

"ನಾನು ಹಿಂಗಾ ಮಲಗೋದು?"

"ಹೂಂ ಮೇಡಂ."

"ದಿನಾನೂ?"

"ಸೋಮವಾರ ಸ್ವಲ್ಪ ಜಾಸ್ತಿ, ಮೇಡಂ."

ಅವರು ಪುಸ್ತಕವನ್ನು ಮುಖಕ್ಕೆ ಅಡ್ಡ ಹಿಡಿದುಕೊಂಡರು. ಭುಜ ಅಲುಗತೊಡಗಿತು. ಅಳುತ್ತಿದ್ದಾರೆಂದುಕೊಂಡು ನಾನು ಪೆನ್ನನ್ನು ಬ್ಯಾಗಿಗೆ ತುರುಕಿದೆ. ಪುಸ್ತಕ ಕೆಳಗಿಳಿದಾಗ ನೋಡಿದರೆ ಅವರು ಸದ್ದಿಲ್ಲದೆ ನಗುತ್ತಿದ್ದರು, ಕಣ್ಣಲ್ಲಿ ನೀರು ಬರುವಷ್ಟು.

"ಮದ್ವೆ ಆದಾಗ್ಲಿಂದ ನಮ್ಮ ಯಜಮಾನ್ರು ಇದೇ ಹೇಳ್ತಾವ್ರೆ," ಎಂದರು. "ನಾನು ಸುಳ್ಳು ಹೇಳ್ಬೇಡಿ ಅಂತಿದ್ದೆ. ಇದನ್ನ ಅವರಿಗೆ ತೋರಿಸ್ಬೇಕು, ಕೊಡ್ತೀಯಾ?"

ನಾನು ಹಾಳೆ ಹರಿದು ಕೊಟ್ಟೆ. ಇಳಿಯುವಾಗ ಅವರು ತಿರುಗಿ ಒಂದು ಮಾತು ಕೇಳಿದರು. "ಎಲ್ಲ ಸರಿ. ನಿದ್ದೇಲೂ ನಾನು ಬ್ಯಾಗ್ ಗಟ್ಟಿಯಾಗಿ ಹಿಡ್ಕೊಂಡಿರ್ತೀನಲ್ಲ, ಕೈ ಎಲ್ಲಮ್ಮ?"

ಕೈ ನಾನು ಬರೆದೇ ಇರಲಿಲ್ಲ. ಎಲ್ಲರ ಚಿತ್ರವೂ ಮೊಣಕೈಗೆ ನಿಂತು ಹೋಗಿತ್ತು. ಮರುದಿನದಿಂದ ಮುಖ ಬಿಟ್ಟು ಬರೀ ಕೈ ಬರೆಯತೊಡಗಿದೆ. ಬ್ಯಾಗಿನ ಪಟ್ಟಿಗೆ ಸುತ್ತಿಕೊಂಡ ಕೈ, ಹೂವಿನ ಮೂಟೆಯ ಮೇಲೆ ಒರಗಿದ ಕೈ, ಕಂಬಿಯಿಂದ ಜಾರುತ್ತಿರುವ ಕೈ. ನುಗ್ಗೇಕಾಯಿಗಳು ಮೆಲ್ಲಗೆ ಬೆರಳಾದವು. ಒಂದು ತಿಂಗಳು ಬೇರೇನನ್ನೂ ಬರೆಯದೆ, ಬಾರದೆ ಇರುವುದನ್ನೇ ಹಟ ಹಿಡಿದು ಬರೆದರೆ ಏನಾಗುತ್ತದೆಂದು ಆಗ ಗೊತ್ತಾಯಿತು. ಒಂದು ದಿನ ಕಂಬಿ ಹಿಡಿದ ಕೈಯೊಂದು ಒಂದೇ ಎಳೆತಕ್ಕೆ ಬಂದುಬಿಟ್ಟಿತು, ಉಗುರಿನ ಸಮೇತ. ನಾನು ಗುಬ್ಬಿಯಲ್ಲಿ ಇಳಿಯುವುದನ್ನು ಮರೆತು ಮುಂದಿನ ಊರಿಗೆ ಹೋಗಿದ್ದೆ. ಶಾಲೆಯಲ್ಲಿ ಬೈಸಿಕೊಂಡಾಗಲೂ ಮುಖದ ಮೇಲಿನ ನಗು ಅಳಿಸಲಾಗಲಿಲ್ಲ.

ದೊಡ್ಡ ಮೇಡಂ ಚಿತ್ರದ ಸುದ್ದಿ ಬಸ್ಸಿಗೆಲ್ಲ ಹಬ್ಬಿತು. ಕದ್ದು ಬರೆಯುವುದು ಅಲ್ಲಿಗೆ ಮುಗಿಯಿತು. ನಾನು ಹತ್ತಿದ ಕೂಡಲೇ ಕೇಳತೊಡಗಿದೆ, "ನಿಮ್ಮನ್ನ ಬರೀಲಾ?" ಬೇಡ ಎಂದವರನ್ನು ಬಿಟ್ಟೆ. ಬರೆದದ್ದನ್ನು ಅವರಿಗೇ ಮೊದಲು ತೋರಿಸಿದೆ. ಬೇಡ ಎಂದವರು ಕಮ್ಮಿ. ಬೇಕೆಂದವರು ಎಷ್ಟಾದರೆಂದರೆ ಬಸ್ಸಿನಲ್ಲಿ ಹೊಸದೊಂದು ತೊಂದರೆ ಶುರುವಾಯಿತು. ಒಂದು ದಿನ ಕಂಡಕ್ಟರ್ ನನ್ನ ಹತ್ತಿರ ಬಂದು ನಿಂತ.

"ಮಿಸ್, ನಂಗೊಂದು ಉಪಕಾರ ಮಾಡಿ. ಟಿಕೆಟ್ ಟಿಕೆಟ್ ಅಂತ ಕೂಗಿದ್ರೆ ಯಾರೂ ಕಣ್ಣೇ ಬಿಡ್ತಿಲ್ಲ. ನಿಮ್ ಕಡೆಗೆ ಮುಖ ಮಾಡ್ಕೊಂಡು ಸುಮ್ಕೆ ಮಲಗವ್ರೆ."

ತಿರುಗಿ ನೋಡಿದೆ. ಬಸ್ಸು ಇನ್ನೂ ಸ್ಟ್ಯಾಂಡಿನಿಂದ ಹೊರಟಿರಲಿಲ್ಲ. ಒಂದು ಸಾಲಿನ ಜನ ತಲೆ ಬಾಚಿ, ಪೌಡರ್ ಹಾಕಿ, ಕಣ್ಣು ಮುಚ್ಚಿ ಕೂತಿದ್ದರು. ಕಾಲೇಜು ಹುಡುಗಿಯರ ರೆಪ್ಪೆ ಪಟಪಟ ಅನ್ನುತ್ತಿತ್ತು. ಕೊಬ್ಬರಿ ವ್ಯಾಪಾರಿ ಮಾತ್ರ ಗದ್ದವನ್ನು ಮೇಲಕ್ಕೆತ್ತಿ ಕೂತಿದ್ದರು, ಪಾಸ್‌ಪೋರ್ಟ್ ಫೋಟೊಕ್ಕೆ ಕೂತ ಹಾಗೆ. ನಾನು ಮತ್ತು ಕಂಡಕ್ಟರ್ ಮುಖ ಮುಖ ನೋಡಿಕೊಂಡು ನಕ್ಕಿದ್ದಕ್ಕೆ ಲೆಕ್ಕವಿಲ್ಲ. ಆದರೂ ಆ ಸುಳ್ಳು ನಿದ್ದೆಗಳಿಂದ ನಾನು ಬಹಳ ಕಲಿತೆ. ಸುಳ್ಳು ನಿದ್ದೆಯಲ್ಲಿ ಮುಖ ಮಲಗುತ್ತದೆ, ಬೆರಳುಗಳು ಎಚ್ಚರವಾಗಿರುತ್ತವೆ. ನಿಜವಾದ ನಿದ್ದೆಯಲ್ಲಿ, ದೊಡ್ಡ ಮೇಡಂ ಒಬ್ಬರನ್ನು ಬಿಟ್ಟರೆ, ಮೊದಲು ಮಲಗುವುದು ಕೈ. ಅದನ್ನು ಅವರಿಗೇ ಹೇಳಿದೆ. ಮಾರನೆಯ ದಿನ ಎಲ್ಲರೂ ಬೆರಳು ಸಡಿಲ ಬಿಟ್ಟು ಸುಳ್ಳು ಮಲಗಿದರು.

ಆ ಶನಿವಾರ ಕುಣಿಗಲ್‌ಗೆ ಹೋಗಿ ಅಕ್ಕನಿಗೆ ಎಲ್ಲ ತೋರಿಸಿದೆ. ಪಾರ್ಲರಿನಲ್ಲಿ ಮುಖಕ್ಕೆ ಪ್ಯಾಕ್ ಹಾಕಿಸಿಕೊಂಡು ಮಲಗಿದ್ದವರೂ ಎದ್ದು ಕೂತು ನೋಡಿದರು. ಅಕ್ಕ ದೊಡ್ಡ ಮೇಡಂ ಚಿತ್ರ ಹಿಡಿದು, ಅವರು ಪುಸ್ತಕ ಕೇಳಿ ಇಸಿದುಕೊಂಡ ಕಥೆಯನ್ನು ಮೂರು ಸಲ ಹೇಳಿಸಿದಳು. ಆಮೇಲೆ ನನ್ನ ಫೋನ್ ಕೇಳಿ, ನನ್ನ ಪೇಜ್ ತೆಗೆದಳು.

"ಈ ಕಥೇನ ನಂಗೆ ಹೇಳ್ದಂಗೇ ಇಲ್ಲಿ ಬರಿ. ಆ ಇಂಗ್ಲಿಷು ಮೌನ ಗೀನ ಎಲ್ಲ ಬುಡು," ಎಂದಳು.

ದೊಡ್ಡ ಮೇಡಂ ಅವರನ್ನು ಫೋನಿನಲ್ಲಿ ಕೇಳಿ, ಚಿತ್ರ ಹಾಕಿ ಕೆಳಗೆ ಬರೆದೆ. ನಾವು ಮಾತಾಡುವ ಹಾಗೇ, ಆಯಮ್ಮ ಹಿಂಗಂದ್ರು, ನಾನು ಹಿಂಗಂದೆ ಅಂತ. ಸಂಜೆ ಹೊತ್ತಿಗೆ ಫೋನು ಬಿಸಿಯಾಗಿತ್ತು. ಕೊತ್ತಗೆರೆಯ ಹೆಂಗಸೊಬ್ಬರು ತಮ್ಮ ಮಾವ ಜಗಲಿಯ ಮೇಲೆ ಮಲಗಿದ ಫೋಟೊ ಕಳಿಸಿ ಬರೆದುಕೊಡುತ್ತೀರಾ ಎಂದಿದ್ದರು. ಊರ್ಡಿಗೆರೆಯ ಮೇಷ್ಟ್ರೊಬ್ಬರು ಸ್ಟಾಫ್ ರೂಮಿನಲ್ಲಿ ಮಲಗಿದ ಮೇಷ್ಟ್ರುಗಳನ್ನೆಲ್ಲ ಕಳಿಸಿದ್ದರು. ಗೊತ್ತಿಲ್ಲದವರು ಬಂದು ನನ್ನ ಚಿತ್ರದ ಕೆಳಗೆ ತಮ್ಮ ಮನೆಯವರ ನಿದ್ದೆಯ ಕಥೆ ಬರೆಯುತ್ತಿದ್ದರು. ನಾನು ಒಬ್ಬೊಬ್ಬರಿಗೂ ಉತ್ತರ ಬರೆದೆ. ನೋಡುವವರು ಎಲ್ಲಿಂದ ಬರುತ್ತಾರೆ ಎಂದು ಹೊಸಬರು ಕೇಳುತ್ತಲೇ ಇರುತ್ತಾರೆ. ನನಗೆ ಗೊತ್ತಿರುವುದಿಷ್ಟೇ. ಮೊದಲು ಚಿತ್ರದಲ್ಲಿ ಇರುವವರು ನೋಡುತ್ತಾರೆ, ಆಮೇಲೆ ಅವರನ್ನು ಬಲ್ಲವರು, ಆಮೇಲೆ ತಮ್ಮ ಮನೆಯಲ್ಲೂ ಅಂಥವರೊಬ್ಬರನ್ನು ಇಟ್ಟುಕೊಂಡಿರುವವರು. ಅಷ್ಟು ಹೊತ್ತಿಗೆ ಊರೇ ಬಂದಿರುತ್ತದೆ.

ಪ್ರದರ್ಶನ ಮಾಡೋಣ ಎಂದದ್ದು ದೊಡ್ಡ ಮೇಡಂ. ತುಮಕೂರಿನ ಹಾಲ್ ನೆನಪಾಗಿ ನಾನು ಬೇಡವೆಂದೆ. ಬಸ್ಸಿನ ಜನ ಅಲ್ಲಿಗೆ ಬಂದು ಸುಮ್ಮನೆ ಗೋಡೆ ನೋಡುತ್ತಾ ನಿಲ್ಲುವವರಲ್ಲ. ನಮ್ಮ ಮಾತು ಕೇಳಿಸಿಕೊಳ್ಳುತ್ತಿದ್ದ ಕಂಡಕ್ಟರ್ ನಡುವೆ ಬಾಯಿ ಹಾಕಿದ.

"ಬಸ್ಸಲ್ಲೇ ಮಾಡಿ ಮಿಸ್. ಬರೋ ಭಾನ್ವಾರ ಮದ್ವೆ ಟ್ರಿಪ್ ಕ್ಯಾನ್ಸಲ್ ಆಗೈತೆ, ಗಾಡಿ ಸುಮ್ನೆ ನಿಂತಿರ್ತದೆ. ಓನರ್‌ನ ನಾನು ಕೇಳ್ತೀನಿ."

ಓನರ್ ಒಪ್ಪಿದರು. ಬಸ್ಸು ನಿಲ್ಲಲು ದೊಡ್ಡ ಮೇಡಂ ತಮ್ಮ ಶಾಲೆಯ ಬಯಲು ಬಿಟ್ಟುಕೊಟ್ಟರು, ಹೊಂಗೆ ಮರದ ಕೆಳಗೆ. ಶನಿವಾರ ಸಂಜೆ ಅಕ್ಕ ಪಾರ್ಲರ್ ಮುಚ್ಚಿ, ಬಟ್ಟೆ ಒಣಹಾಕುವ ಕ್ಲಿಪ್ಪುಗಳ ದೊಡ್ಡ ಗೊಂಚಲು ಹಿಡಿದು ಬಂದಿಳಿದಳು. ನಾನು ಚಿತ್ರಗಳನ್ನು ಮೇಲಿನ ಕಂಬಿಗೆ ಸಿಕ್ಕಿಸುತ್ತಾ ಹೋದೆ. ಅಕ್ಕ ಒಂದು ಸೀಟಿನಲ್ಲಿ ಕೂತು ಕತ್ತು ಎತ್ತಿದಳು, ಇಳಿಸಿದಳು.

"ಬಸ್ಸಲ್ಲಿ ಜನ ಕೂತ್ಕೊಂಡು ನೋಡ್ತಾರೆ ಕಣೇ, ನಿಂತ್ಕೊಂಡಲ್ಲ. ಎಲ್ಲ ಕೆಳಗಿಳ್ಸು," ಎಂದಳು.

ಇಳಿಸಿದೆವು. ಪ್ರತಿ ಸೀಟಿನ ಬೆನ್ನಿಗೆ ಒಂದೊಂದು ಚಿತ್ರ, ಹಿಂದೆ ಕೂತವರ ಕಣ್ಣಿಗೆ ನೇರವಾಗಿ. ಯಾರು ದಿನಾ ಎಲ್ಲಿ ಕೂರುತ್ತಾರೋ ಅವರ ಚಿತ್ರ ಅಲ್ಲೇ ಎದುರಿಗೆ. ನೋಡುವವರ ಕಣ್ಣು ಎಲ್ಲಿರುತ್ತದೆ ಎಂದು ಮೊದಲು ನಾವೇ ಕೂತು ನೋಡಬೇಕು. ಇದನ್ನು ಯಾವ ಹಾಲ್‌ನಲ್ಲೂ ನಾನು ಈಗ ಮರೆಯುವುದಿಲ್ಲ.

ಭಾನುವಾರ ಬೆಳಿಗ್ಗೆ ಯಾರೂ ಬರದಿದ್ದರೆ ಎಂದು ನಾನು ಮತ್ತೆ ಮತ್ತೆ ಗೇಟಿನವರೆಗೆ ಹೋಗಿ ಬರುತ್ತಿದ್ದೆ. ಮೊದಲು ಬಂದವರು ಕೊಬ್ಬರಿ ವ್ಯಾಪಾರಿ, ಮನೆಮಂದಿಯನ್ನೆಲ್ಲ ಕರೆದುಕೊಂಡು. ತಮ್ಮ ಸೀಟಿನಲ್ಲೇ ಹೋಗಿ ಕೂತರು. ಅವರ ಹೆಂಡತಿ ಚಿತ್ರ ನೋಡಿ, ಗಂಡನ ಮುಖ ನೋಡಿ, ಮತ್ತೆ ಚಿತ್ರ ನೋಡಿದರು.

"ಮನೇಲೂ ಹಿಂಗೇ. ನಿದ್ದೇಲೂ ಯಾರ್ ಮೇಲೋ ಸಿಟ್ಟು," ಎಂದರು.

ಅವರ ಹಿಂದೆ ಕಾಲೇಜು ಹುಡುಗಿಯರು, ಹೂವಿನವರು, ನನ್ನ ಶಾಲೆಯ ಮಿಸ್‌ಗಳು, ಪಕ್ಕದ ಬೀದಿಯವರು. ಬಸ್ಸು ತುಂಬಿ, ಫುಟ್‌ಬೋರ್ಡ್ ತುಂಬಿ, ಮರದ ಕೆಳಗೆ ಸಾಲು ನಿಂತಿತು. ಕಂಡಕ್ಟರ್ ಯೂನಿಫಾರ್ಮ್ ಹಾಕಿಕೊಂಡೇ ಬಂದಿದ್ದ. "ನೋಡಿದೋರು ಮುಂದಕ್ಕೆ ನಡೀರಿ, ಮುಂದಿನ ಬಾಗ್ಲಲ್ಲಿ ಇಳೀರಿ, ಹಿಂದೆ ಜನ ಅವ್ರೆ," ಎಂದು ಕೂಗುತ್ತಾ ಜನರನ್ನು ಸರಿಸುತ್ತಿದ್ದ. ಇಳಿದವರು ಬಸ್ಸು ಸುತ್ತಿ ಬಂದು ಮತ್ತೆ ಹತ್ತುತ್ತಿದ್ದರು. ದೊಡ್ಡ ಮೇಡಂ ತಮ್ಮ ಯಜಮಾನರನ್ನು ತಮ್ಮ ಸೀಟಿನಲ್ಲಿ ಕೂರಿಸಿ, "ನೀವೇ ಗೆದ್ರಿ," ಎಂದು ಅವರ ಕೈಗೆ ಬಹುಮಾನದ ಹಾಗೆ ನೀರಿನ ಬಾಟಲಿ ಕೊಟ್ಟರು. ನಾನು ಎಲ್ಲಿ ನಿಲ್ಲಬೇಕೆಂದು ತಿಳಿಯದೆ, ಯಾರು ಏನು ಕೇಳಿದರೂ ಹೂಂ ಹೂಂ ಎನ್ನುತ್ತಾ, ತೇಲಿಕೊಂಡು ಓಡಾಡುತ್ತಿದ್ದೆ.

ಒಬ್ಬರ ಚಿತ್ರ ಮಾತ್ರ ಇರಲಿಲ್ಲ. ಡ್ರೈವರ್ ಅದನ್ನು ಎಲ್ಲರಿಗೂ ಹೇಳಿಕೊಂಡು ಬಂದರು.

"ನಾನು ಮಲಗಿದ್ದಿದ್ರೆ ಇವ್ರ ಯಾರ ಚಿತ್ರಾನೂ ಇರ್ತಿರ್ಲಿಲ್ಲ. ನೀವೇ ಯೋಚ್ನೆ ಮಾಡಿ."

ಆಮೇಲೆ ನನ್ನ ಕಡೆ ತಿರುಗಿ ಮೆತ್ತಗೆ, "ಗಾಡಿ ನಿಂತಿರುವಾಗ ಮಲಗಿದ್ರೆ ಬರ್ಕೊಳಿ ಮಿಸ್, ನಂದೇನಿಲ್ಲ," ಎಂದರು.

ದೊಡ್ಡ ಮೇಡಂ ಮನೆಯಿಂದ ಎಲ್ಲರಿಗೂ ಚಿತ್ರಾನ್ನ ಬಂದಿತ್ತು. ಉಂಡಾದ ಮೇಲೆ ನಾನು ಮರದ ಕೆಳಗೆ ಅಕ್ಕನ ಜೊತೆ ಕೂತಿದ್ದೆ. ಕಂಡಕ್ಟರ್ ತುದಿಗಾಲಿನಲ್ಲಿ ನಡೆದು ಬಂದು ಕಿವಿಯ ಹತ್ತಿರ ಬಗ್ಗಿದ.

"ಬನ್ನಿ ಮಿಸ್. ಮಲಗವ್ರೆ."

ಹಿಂದಿನ ಉದ್ದ ಸೀಟಿನಲ್ಲಿ ಡ್ರೈವರ್ ಕಾಲು ಮಡಚಿ ಮಲಗಿದ್ದರು. ಜನ ಸದ್ದಿಲ್ಲದೆ ದಾರಿ ಬಿಟ್ಟರು. ನಾನು ಎದುರಿನ ಸೀಟಿಗೆ ಮಂಡಿ ಊರಿ ಬರೆಯತೊಡಗಿದೆ. ಇಡೀ ಬಸ್ಸು ನನ್ನ ಪೆನ್ನಿನ ತುದಿ ನೋಡುತ್ತಿತ್ತು. ಅವರ ಎರಡು ಕೈಗಳೂ ಎದೆಯ ಮೇಲೆ, ಏನೋ ದುಂಡಗಿನದನ್ನು ಹಿಡಿದ ಹಾಗೆ, ಮಡಚಿಕೊಂಡಿದ್ದವು. ನಿದ್ದೆಯಲ್ಲೂ ಸ್ಟೀರಿಂಗ್. ಗೆರೆಗಳು ನನ್ನನ್ನು ಕೇಳದೆಯೇ ಬರುತ್ತಿದ್ದವು. ಹಿಂದಿನಿಂದ ಯಾರೋ "ಕೈ ನೋಡೇ, ಕೈ," ಎಂದು ಪಿಸುಗುಟ್ಟಿದರು. ಆ ಪಿಸುಮಾತಿಗೆ ಸಮನಾದ ಪ್ರಶಸ್ತಿ ನನಗೆ ಇವತ್ತಿಗೂ ಸಿಕ್ಕಿಲ್ಲ.

ಕೊನೆಯ ಗೆರೆ ಎಳೆಯುವಾಗ ಯಾರದೋ ಫೋನು ಜೋರಾಗಿ ಹಾಡಿತು. ಡ್ರೈವರ್ ಕಣ್ಣು ಬಿಟ್ಟರು. ತಮ್ಮನ್ನೇ ನೋಡುತ್ತಾ ಬಾಯಿ ಮುಚ್ಚಿ ನಿಂತ ಅಷ್ಟೊಂದು ಜನರನ್ನು ಕಂಡು ದಡಕ್ಕನೆ ಎದ್ದು ಕೂತರು.

"ಏನಾಯ್ತು? ಎಲ್ಲಿ ಗುದ್ದಿದೆ?" ಎಂದರು.

ಬಸ್ಸಿಗೆ ಬಸ್ಸೇ ಬಹಳ ಹೊತ್ತು ನಕ್ಕಿತು. ದೊಡ್ಡ ಮೇಡಂ ಕಂಬಿ ಹಿಡಿದುಕೊಂಡು ನಕ್ಕರು. ಅಕ್ಕನ ಕಾಡಿಗೆ ಕೆನ್ನೆಗೆ ಇಳಿದಿತ್ತು, ಅವಳು ಒರೆಸಿಕೊಳ್ಳಲೂ ಇಲ್ಲ.

ಅಲ್ಲಿಂದಾಚೆಗೆ ಕೆಲಸ ತಾನಾಗಿ ಹುಡುಕಿಕೊಂಡು ಬರತೊಡಗಿತು. ಕುಣಿಗಲ್‌ನ ಒಬ್ಬ ಲೇಡಿ ಡಾಕ್ಟರ್ ಅಕ್ಕನ ಪಾರ್ಲರಿಗೆ ಬರುವವರು. ತಮ್ಮ ಹೆರಿಗೆ ನರ್ಸಿಂಗ್ ಹೋಮಿನ ಹೊರಗಿನ ಕೋಣೆಗೆ ದೊಡ್ಡ ಚಿತ್ರವೊಂದು ಬೇಕೆಂದರು. ಹೆರಿಗೆಯಾಗಿ ನಿಶ್ಚಿಂತೆಯಿಂದ ಮಲಗಿದ ತಾಯಂದಿರದು. ವಾರ್ಡಿನಲ್ಲಿ ಒಬ್ಬೊಬ್ಬರನ್ನೂ ಅವರ ಮನೆಯವರನ್ನೂ ಕೇಳಿ, ಒಪ್ಪಿದವರ ಪಕ್ಕ ಸ್ಟೂಲ್ ಹಾಕಿಕೊಂಡು ಕೂತು ಬರೆದೆ. ಬಸ್ಸಿನ ನಿದ್ದೆ ಬೇರೆ, ಈ ನಿದ್ದೆ ಬೇರೆ. ಇವರ ಕೈ ಮಲಗಿರುವುದಿಲ್ಲ. ಮಗು ಮಿಸುಕಿದರೆ ತಾಯಿ ಕಣ್ಣು ತೆರೆಯುವ ಮೊದಲೇ ಕೈ ಅಲ್ಲಿಗೆ ಹೋಗಿರುತ್ತದೆ. ನಾನು ಬಸ್ಸಿನಲ್ಲಿ ಕಂಡುಕೊಂಡಿದ್ದ ನಿಯಮವನ್ನು ಅಲ್ಲೇ ಬಿಟ್ಟು, ಮತ್ತೆ ಮೊದಲಿನಿಂದ ನೋಡಲು ಕಲಿತೆ. ಹೀಗೆ ಬಿಡಬೇಕಾಗಿ ಬಂದಾಗ ಬೇಜಾರಾಗಲಿಲ್ಲ, ಹೊಸ ಊರಿಗೆ ಟಿಕೆಟ್ ಸಿಕ್ಕ ಹಾಗಾಯಿತು.

ಚಿತ್ರಕ್ಕೆ ಕಟ್ಟು ಹಾಕಿಸಿ ಸಾಗಿಸುವ ದಿನ ಆಟೊದ ಒಳಗೆ ಅದು ಹಿಡಿಸಲಿಲ್ಲ. ಅಕ್ಕ ಸ್ಕೂಟಿ ತೆಗೆದಳು. ನಾನು ಹಿಂದೆ ಕೂತು ಎರಡು ಕೈ ಚಾಚಿ ಅದನ್ನು ಅಡ್ಡಕ್ಕೆ ಹಿಡಿದುಕೊಂಡೆ. ಕೆರೆಯ ಪಕ್ಕಕ್ಕೆ ಬಂದಾಗ ಗಾಳಿ ಬೀಸಿತು. ಚಿತ್ರ ಗಾಳಿ ತುಂಬಿಕೊಂಡು ನಮ್ಮನ್ನು ರಸ್ತೆಯ ಆ ಬದಿಗೆ ಒಯ್ದಿತು, ಅಕ್ಕ ಎಳೆದು ತಂದಳು, ಮತ್ತೆ ಈ ಬದಿಗೆ ಒಯ್ದಿತು.

"ಬಿಡ್ಬೇಡ ಕಣೇ, ಹಾರೋಗ್ತದೆ," ಎಂದು ಅಕ್ಕ ಕಿರುಚುತ್ತಿದ್ದಳು.

"ನಾನೂ ಅದರ ಜೊತೆ ಹಾರೋಗ್ತೀನಿ, ಮೆಲ್ಲಗೆ ಹೋಗು," ಎಂದೆ.

ಹಿಂದೆ ಬಂದ ಲಾರಿಯವನು ಹಾರ್ನ್ ಹೊಡೆಯಲಿಲ್ಲ. ನಿಧಾನವಾಗಿ ಪಕ್ಕಕ್ಕೆ ಬಂದು, ಮಲಗಿದ ತಾಯಂದಿರನ್ನು ಒಂದು ಸಲ ನೋಡಿ, ಮುಂದೆ ಹೋದ. ಅವರನ್ನು ನಿದ್ದೆಯಿಂದ ಎಬ್ಬಿಸಬಾರದೆಂದು ಹಾಗೆ ಮಾಡಿದ ಎಂದು ಅಕ್ಕನ ವಾದ. ಇರಲಿ.

ನರ್ಸಿಂಗ್ ಹೋಮ್ ತಲುಪಿ ನಾನು ಸ್ಟೂಲ್ ಹತ್ತಿ ಚಿತ್ರ ತೂಗುಹಾಕಿದೆ. ಅಕ್ಕ ಕೆಳಗೆ ನಿಂತು ಎಡಕ್ಕೆ, ಬಲಕ್ಕೆ ಎನ್ನುತ್ತಿದ್ದಳು. ಬೆಂಚಿನ ಮೇಲೆ ತುಂಬು ಬಸುರಿಯೊಬ್ಬಳು ಸೊಂಟಕ್ಕೆ ಕೈ ಕೊಟ್ಟು ಕೂತಿದ್ದಳು. ಅವಳು ಚಿತ್ರವನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದಳು.

"ಎಷ್ಟ್ ಚೆನ್ನಾಗಿ ಮಲಗವ್ರೆ ಇವ್ರೆಲ್ಲ," ಎಂದಳು ನನ್ನ ಕಡೆ ನೋಡಿ. "ನಂಗೆ ನಿದ್ದೆ ಬಂದು ಎಷ್ಟು ದಿನ ಆಯ್ತೋ. ಮಗು ಆದ್ಮೇಲೆ ಬರ್ತದಾ ಅಕ್ಕ?"

ಬರುತ್ತದೋ ಇಲ್ಲವೋ ನನಗೇನು ಗೊತ್ತು. ಸ್ಟೂಲಿನ ಮೇಲಿಂದಲೇ ತಿರುಗಿ, "ಬಂದ್ರೆ ಹೇಳಿ ಕಳ್ಸಿ, ನಾನು ಪೆನ್ ತಗೊಂಡು ಬರ್ತೀನಿ," ಎಂದೆ.

"ಮಾತು ಆಮೇಲೆ," ಎಂದಳು ಅಕ್ಕ. "ಎಡಗಡೆ ಇನ್ನೊಂಚೂರು ಎತ್ತು."